ಣಕಾರದ ಕೊಂಡಿ

ಗೋಡೆಯ ಮೇಲೆ ಅದೇ ಹೆಸರು ಹದಿನೇಳು ಸಲ ಇತ್ತು.

ನಂಜುಂಡೇಶ್ ಮಂಡಿಯೂರಿ ಎಣಿಸಿದ. ಕಿರಣ, ಕಿರಣ, ಕಿರಣ. ಮಲಗಿದವರ ಕೈಗೆ ಎಟುಕುವ ಎತ್ತರದಲ್ಲಿ, ಸುಣ್ಣವನ್ನು ಉಗುರಿನಿಂದ ಕೆರೆದು ಬರೆದದ್ದು. ಮೇಲಿನ ಸಾಲಿನಲ್ಲಿ ಅಕ್ಷರಗಳು ಗಟ್ಟಿಯಾಗಿದ್ದವು. ಕೆಳಗೆ ಬರುತ್ತ ಬರುತ್ತ ಸೊರಗಿ, ಕೊನೆಯದು 'ಕಿರ' ಎಂಬಲ್ಲಿಗೆ ನಿಂತುಬಿಟ್ಟಿತ್ತು. ಅದರ ಪಕ್ಕ ಸುಣ್ಣಕ್ಕೆ ಏನೋ ಅಂಟಿಕೊಂಡು ಒಣಗಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳು. ಅವನು ಬೆರಳು ಚಾಚಿದ.

"ಮುಟ್ಬ್ಯಾಡ ಕಣ್ಮಗ. ಅವ್ಳ ಕೈ ಚರ್ಮ ಅದು."

ಹೊಸ್ತಿಲಾಚೆ ನಿಂತ ಮುದ್ದಮ್ಮ ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳ ಹೆಣ ಎತ್ತಿದ ಮೇಲೆ ಆಕೆ ಈ ಕೋಣೆಗೆ ಕಾಲಿಟ್ಟಿರಲಿಲ್ಲ. ಚಾಪೆ ಹಾಗೆಯೇ ಬಿದ್ದಿತ್ತು. ನಡುಮಧ್ಯಾಹ್ನದ ಬಿಸಿಲು ಕಿಟಕಿಯವರೆಗೆ ಬಂದು, ಒಳಗೆ ಬರಲು ಮನಸ್ಸಿಲ್ಲದ ಹಾಗೆ ಅಲ್ಲೇ ನಿಂತಿತ್ತು.

ತಿ. ನರಸೀಪುರ ದಾಟಿ ಬನ್ನೂರು ರಸ್ತೆಯಲ್ಲಿ ಮೂರು ಮೈಲಿ ಹೋದರೆ ಸಿಗುವ ಈ ಮನೆಯಲ್ಲಿ ಚಿನ್ನಮ್ಮ ಸತ್ತು ಇಪ್ಪತ್ತೆರಡು ದಿನವಾಗಿತ್ತು. ರಕ್ತದ ಕ್ಯಾನ್ಸರ್ ಗೆದ್ದು ಎರಡು ವರ್ಷ ಚೆನ್ನಾಗಿಯೇ ಓಡಾಡಿಕೊಂಡಿದ್ದ ಹೆಂಗಸು. ನಂಜನಗೂಡಿನಲ್ಲಿ ಬಸ್ಸಿಳಿಯುವಾಗ ಬಿದ್ದು, ತಲೆ ಒಡೆದು, ಪ್ರಜ್ಞೆ ತಪ್ಪಿದಳು. ಒಡಹುಟ್ಟಿದ ತಮ್ಮ ಕಿರಣ್ ಓಡಿ ಬಂದು ರಕ್ತ ಕೊಟ್ಟ. ಬದುಕಿದಳು, ಮನೆಗೂ ಬಂದಳು. ಹತ್ತನೇ ದಿನ ಜ್ವರ ಹತ್ತಿತು. ಆಮೇಲೆ ಅಂಗೈ, ಅಂಗಾಲು, ಕಿವಿ ಕೆಂಪಾದವು, ಯಾರೋ ಮೈಯೊಳಗೆ ಕೂತು ಒಲೆ ಹಚ್ಚಿದ ಹಾಗೆ. ಚರ್ಮ ಸುಲಿಯಿತು. ಹತ್ತೊಂಬತ್ತನೇ ದಿನ ಉಸಿರು ನಿಂತಿತು. ತಮ್ಮನೇ ರಕ್ತಕ್ಕೆ ಏನೋ ಬೆರೆಸಿದ ಎಂದು ಚಿನ್ನಮ್ಮನ ಗಂಡ ನಂಜನಗೂಡು ಠಾಣೆಯಲ್ಲಿ ಬರೆದುಕೊಟ್ಟಿದ್ದ.

ನಂಜುಂಡೇಶ್ ಪೊಲೀಸಿನವನಲ್ಲ. ನಂಜನಗೂಡಿನಲ್ಲಿ ಬೋರ್ಡು ಬರೆಯುವವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಅಕ್ಷರ ನೋಡಿ ಬರೆದವನ ಕೈ ಎಂಥದ್ದೆಂದು ಹೇಳುತ್ತಿದ್ದ. ಊರಿಗೆ ಫ್ಲೆಕ್ಸ್ ಬಂದು ಕುಂಚದ ಅನ್ನ ಕಿತ್ತುಕೊಂಡ ಮೇಲೆ ಸಬ್ ಇನ್ಸ್‌ಪೆಕ್ಟರ್ ಶ್ವೇತ ಮೇಡಂ ಮೂಗರ್ಜಿ, ಖೋಟಾ ಸಹಿ, ಸುಳ್ಳು ಪತ್ರ ಏನು ಬಂದರೂ ಅವನನ್ನೇ ಕರೆಸುತ್ತಿದ್ದರು. ಇವತ್ತು ಗೋಡೆ ಓದಲು ಕಳಿಸಿದ್ದರು.

"ಎಸ್ರಿಡ್ದು ಶಾಪ ಆಕ್ಬುಟ್ಟು ಕಣ್ಮುಚ್ಕಂಡ್ಲು," ಮುದ್ದಮ್ಮ ಅಂದಳು. "ಬಾಯೆಲ್ಲ ಉಣ್ಣಾಗಿ ಮಾತು ನಿಂತೋಗಿತ್ತು. ಗ್ವಾಡೆ ಕೆರ್ಯಾಳು, ನನ್ ಮೊಕ ನೋಡಾಳು, ತಿರ್ಗಾ ಕೆರ್ಯಾಳು. ಅವ್ನ ಎಸ್ರೇಯ. ಅಕ್ಕ ತಮ್ಮ ಅಂದ್ರೆ ಒಂದೇ ತಟ್ಟೇಲಿ ಉಂಡೋರು ಕಣಪ್ಪ."

"ಕಿರಣ್ ಎಲ್ಲವ್ನೆ ಅವ್ವಾ?"

ಆಕೆ ಹಿತ್ತಲಿನ ಕಡೆ ಗಲ್ಲ ಎತ್ತಿದಳು.

ಕೊಟ್ಟಿಗೆಯಲ್ಲಿ ಹಸುಗಳಿರಲಿಲ್ಲ. ಅಕ್ಕಪಕ್ಕದವರು ಈ ಮನೆಯ ಹಾಲು ಮುಟ್ಟದಂತಾದ ಮೇಲೆ ಹೊಡೆದುಕೊಂಡು ಹೋಗಿ ನೆಂಟರ ಮನೆಯಲ್ಲಿ ಕಟ್ಟಿದ್ದರು. ಖಾಲಿ ಗೊಂತಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ಕಿರಣ್ ತೆಂಗಿನ ನಾರಿನಿಂದ ಎಡಗೈ ಮೊಣಕೈಯ ಒಳಬದಿಯನ್ನು ಉಜ್ಜುತ್ತಿದ್ದ. ಸೂಜಿ ಚುಚ್ಚಿದ ಜಾಗ. ಅಲ್ಲಿ ಚರ್ಮ ಹಸಿಯಾಗಿ ಹೊಳೆಯುತ್ತಿತ್ತು.

"ಬಿಡೋ, ಗಾಯ ಆಗದೆ."

"ಅಣ್ಣಾ, ಒಂದ್ ಮಾತು ಯೋಳ್ತೀನಿ, ನಗ್ಬಾರ್ದು." ಇಪ್ಪತ್ತೈದರ ಹುಡುಗ, ಕಣ್ಣು ಮಾತ್ರ ಮುದುಕನದು. "ಇಲ್ಲೇ ಮಲಗ್ತೀನಿ ದಿನಾ. ಕೊಟ್ಗೆ ಅಂದ್ಮೇಲೆ ಸೊಳ್ಳೆ ಎಂಗಿರ್ತವೆ ನಿಂಗೇ ಗೊತ್ತು. ಮೂರ್ ವಾರ ಆಯ್ತು, ಒಂದೇ ಒಂದು ಸೊಳ್ಳೆ ನನ್ನ ಕಚ್ಚಿಲ್ಲ. ಕಿವಿತಾವ ಬತ್ತವೆ, ವಾಪಸ್ ಓಯ್ತವೆ. ಅವುಕ್ಕೂ ಗೊತ್ತಾಗ್ಬುಟ್ಟದೆ."

ನಂಜುಂಡೇಶ್ ಆ ಮಾತನ್ನು ಕೊಡವಿಕೊಳ್ಳುವಂತೆ ಗಟ್ಟಿಯಾಗಿ ಕೇಳಿದ.

"ನಿಮ್ಮಕ್ಕ ನಿನ್ ಹೆಸರು ಬರೆದಿರೋದು ಎಲ್ಲಾದ್ರೂ ಇದ್ಯಾ? ಹಳೇದು?"

ಕಿರಣ್ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಅವನು ಶಾಲೆಗೆ ಒಯ್ಯುತ್ತಿದ್ದ ಪೆಟ್ಟಿಗೆ. ಮುಚ್ಚಳದ ಒಳಗೆ ನೀಲಿ ಬಣ್ಣದಲ್ಲಿ ಇತ್ತು: ಕಿರಣ್, ನಾಲ್ಕನೇ ತರಗತಿ.

"ಅಕ್ಕನೇ ಬರ್ದಿದ್ದು. ನಂಗೆ ಅಕ್ಸರ ಕಲಿಸ್ದೋಳೇ ಅವ್ಳು. ಕೊನೇಲಿ ಆ ಕೊಂಡಿ ಆಕ್ದೆ ಇದ್ರೆ ಕೈ ಮ್ಯಾಲೆ ಸ್ಕೇಲಲ್ಲಿ ಒಡ್ಯಾಳು."

ನಂಜುಂಡೇಶ್ ಪೆಟ್ಟಿಗೆ ಹಿಡಿದುಕೊಂಡೇ ಕೋಣೆಗೆ ಓಡಿದ. ಗೋಡೆಯ ಪಕ್ಕ ಇಟ್ಟು ನೋಡಿದ. ಪೆಟ್ಟಿಗೆಯ ಮೇಲೆ ಣ್, ಅರ್ಧಾಕ್ಷರ, ತಲೆಯ ಮೇಲೆ ಕೊಂಡಿ. ಗೋಡೆಯ ಮೇಲೆ ಬರೀ ಣ. ಹದಿನಾರು ಸಲವೂ ಬರೀ ಣ. ಸಾಯುವವರೆಗೂ ಒಂದೇ ಒಂದು ಸಲವೂ ಕೊಂಡಿ ಹಾಕಿರಲಿಲ್ಲ.

ತಮ್ಮನ ಹೆಸರನ್ನು ತಪ್ಪಿಲ್ಲದೆ ಬರೆಯಲು ಹೊಡೆದು ಕಲಿಸಿದವಳು ತಾನೇ ಹದಿನಾರು ಸಲ ತಪ್ಪು ಬರೆಯುತ್ತಾಳೆಯೇ?

ಅವಳು ಬರೆದದ್ದು ಹೆಸರಲ್ಲ.

"ಅವ್ವಾ, ಕಿರಣನೇ ರಕ್ತ ಕೊಡ್ಬೇಕು ಅಂತ ಯಾರು ಹೇಳಿದ್ದು?"

"ಯಾರ್ಯಾಕೆ ಯೋಳ್ತಾರೆ? ಕಾರ್ಡಲ್ಲೇ ಬರ್ದಿತ್ತಲ್ಲ. ಆಸ್ಪತ್ರೇಲಿ ಅಳಿಯ ಓದುದ್ರು. ಅವ್ಳು ವಾಸಿ ಆದಾಗ ದೊಡ್ಡಾಸ್ಪತ್ರೆಯೋರು ಕೊಟ್ಟಿದ್ದ ಕಾರ್ಡು. ಅದು ಕೈಲಿದ್ರೆ ಜೀವಕ್ಕೆ ಭಯ ಇಲ್ಲ ಅಂದಿದ್ರಂತೆ. ನಾನು ದೇವರ ಗೂಡಲ್ಲಿಟ್ಟು ದಿನಾ ಕುಂಕುಮ ಇಡ್ತಿದ್ದೆ."

ಕಾರ್ಡು ಬಂತು. ಪ್ಲಾಸ್ಟಿಕ್ ಹಾಕಿಸಿದ ಹಳದಿ ಚೀಟಿ, ಅಂಗೈ ಅಗಲ. ಎರಡು ವರ್ಷದ ಕುಂಕುಮ, ದೀಪದ ಎಣ್ಣೆ ಸೇರಿ ಒಂದು ಬದಿಗೆ ಕೆಂಪು ಹಕ್ಕಳೆ ಕಟ್ಟಿತ್ತು. ಆಸ್ಪತ್ರೆಯಲ್ಲಿ ಅಳಿಯ ಒರೆಸಿ ಓದಿದ್ದ ನಡುಭಾಗವನ್ನು ನಂಜುಂಡೇಶ್ ಉಗುರಿನಿಂದ ಮೆಲ್ಲಗೆ ಕೆರೆದ. ಕೆಂಪಿನೊಳಗಿಂದ ಕಪ್ಪು ಮಸಿಯ ಎರಡು ಸಾಲು ಮೇಲೆದ್ದು ಬಂದವು.

ಕಿರಣ್ ಕೊಟ್ಟ ರಕ್ತ ಮಾತ್ರ ಹಾಕಬೇಕು. ಬೇರೆ ಹಾಕಿದರೆ ಜೀವಕ್ಕೆ ಅಪಾಯ.

ಆ ಣಕಾರದ ಕೊಂಡಿ ನೋಡಿ ಅವನ ಕಣ್ಣು ಕಿರಿದಾಯಿತು. ಸುಮ್ಮನೆ ಎಳೆದದ್ದಲ್ಲ. ಚೇಳು ಬಾಲ ಎತ್ತಿ ನಿಂತ ಹಾಗೆ, ಬೇಕೆಂದೇ ತಿರುವಿ, ತುದಿ ಚೂಪು ಮಾಡಿ ಬಿಟ್ಟಿದ್ದರು. ಡಾಕ್ಟರ ಕೈ ಅಲ್ಲ. ಗುಮಾಸ್ತನದೂ ಅಲ್ಲ. ತನ್ನ ಅಕ್ಷರವನ್ನು ಮೆಚ್ಚಿಕೊಳ್ಳುವ, ಸೊಕ್ಕಿನ ಕೈ. ಎಲ್ಲೋ ನೋಡಿದ ಕೈ ಅನ್ನಿಸಿತು, ಎಲ್ಲಿ ಎಂದು ಹತ್ತಲಿಲ್ಲ.

ಸಿಗಲಿ, ಬೆರಳು ಮುರಿಯುತ್ತೇನೆ ಅಂದುಕೊಂಡ.

ಕಾರ್ಡು ತಿರುಗಿಸಿದ. ಇನ್ನೊಂದು ಬದಿಗೆ ಮೂರು ಸಾಲು ಇಂಗ್ಲಿಷು, ಕೆಳಗೊಂದು ಫೋನ್ ನಂಬರು. ಬದುಕು ಸಾವಿನ ಮಾತನ್ನು ಈ ಮನೆಯಲ್ಲಿ ಒಬ್ಬರಿಗೂ ಬಾರದ ಭಾಷೆಯಲ್ಲಿ ಬರೆದು, ಕೈಗಿಟ್ಟು, ಬಸ್ಸು ಹತ್ತಿಸಿ ಕಳಿಸಿದ್ದರು. ಅವನು ಕೋಪದಲ್ಲೇ ಹಿತ್ತಲಿಗೆ ಹೋಗಿ ಆ ನಂಬರಿಗೆ ಫೋನ್ ಹಚ್ಚಿದ. ದೊಡ್ಡಾಸ್ಪತ್ರೆಯ ರಕ್ತದ ವಿಭಾಗ. ದಣಿದ ಹೆಂಗಸಿನ ದನಿ.

"ಮೇಡಂ, ಒಂದು ಕಾರ್ಡಲ್ಲಿ ಇಂಗ್ಲಿಷ್ ಅದೆ. ನಂಗೆ ಓದಕ್ ಬರಲ್ಲ. ಅಕ್ಷರ ಹೇಳ್ತೀನಿ, ನೀವು ಕೂಡಿಸ್ಕೊಳಿ. ಐ, ಆರ್, ಆರ್, ಎ, ಡಿ..."

"ಇರ್ರೇಡಿಯೇಟೆಡ್. ಕಿರಣ ಕೊಟ್ಟ ರಕ್ತ ಮಾತ್ರ ಹಾಕ್ಬೇಕು ಅಂತ."

"ಕಿರಣ್ ಅಂದ್ರೆ ಯಾರು ಮೇಡಂ?"

"ಯಾರು ಅಂದ್ರೆ? ಮನುಷ್ಯ ಅಲ್ಲಪ್ಪಾ ಅದು. ಎಕ್ಸ್‌ರೇ ಥರದ ಕಿರಣ. ರಕ್ತದ ಚೀಲವನ್ನ ಮಿಷನ್ನಲ್ಲಿಟ್ಟು ಕಿರಣ ಕೊಡ್ತೀವಿ. ಕೊಟ್ಟವರ ರಕ್ತದಲ್ಲಿ ಬಿಳಿ ಕಣ ಇರ್ತವೆ. ನಿಮಗೋ ನನಗೋ ಹಾಕಿದ್ರೆ ನಮ್ಮ ಮೈಯೇ ಅವನ್ನ ಕೊಂದುಬಿಡತ್ತೆ. ಈ ಕಾಯಿಲೆಗೆ ಕೆಲವು ಔಷಧಿ ತಗೊಂಡವರ ಮೈಯಲ್ಲಿ ಆ ಕಾವಲು ಸತ್ತಿರತ್ತೆ. ಬಂದ ಕಣಗಳು ಅಲ್ಲೇ ಬೇರೂರಿ ರೋಗಿಯ ಮೈಯನ್ನೇ ತಿನ್ನೋಕೆ ಶುರು ಮಾಡ್ತವೆ. ಚರ್ಮ, ಕರುಳು, ಮೂಳೆಯೊಳಗಿನ ಮಜ್ಜೆ. ಕಿರಣ ಕೊಟ್ರೆ ಅವು ಬೆಳೆಯಲ್ಲ."

"ಕಾಯಿಲೆ ವಾಸಿಯಾಗಿ ವರ್ಷಗಟ್ಲೆ ಆದ್ಮೇಲೂ?"

"ಬದುಕಿರೋವರೆಗೂ. ಅದಕ್ಕೇ ಕಾರ್ಡು ಕೊಡೋದು."

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಿರಣ್ ಅವನನ್ನೇ ನೋಡುತ್ತಿದ್ದ. ನಂಜುಂಡೇಶ್ ಬೆನ್ನು ತಿರುಗಿಸಿ ದನಿ ತಗ್ಗಿಸಿದ.

"ಒಡಹುಟ್ಟಿದವರ ರಕ್ತ ಆದ್ರೆ?"

"ಅಯ್ಯೋ. ಅದು ಎಲ್ಲಕ್ಕಿಂತ ಕೆಟ್ಟದ್ದು. ಹತ್ತಿರದ ರಕ್ತ ಅಂದ್ರೆ ಮೈ ಅದನ್ನ ತನ್ನದೇ ಅಂದ್ಕೊಂಡು ಬಾಗಿಲು ತೆಗೆದುಬಿಡತ್ತೆ. ಯಾಕೆ? ಯಾರಿಗಾದ್ರೂ ಹಾಕಿದ್ದಾರಾ? ಹಾಕಿ ಆದ್ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲಪ್ಪಾ. ಹಾಕೋಕೆ ಮುಂಚೆಯೇ ತಡೀಬೇಕು."

ಫೋನ್ ಇಟ್ಟ ಮೇಲೂ ಅವನು ಅಲ್ಲೇ ನಿಂತಿದ್ದ. ಬಾಯಿ ಹುಣ್ಣಾಗಿ ಮಾತು ಹೋದ ಹೆಂಗಸು, ಸುಲಿದ ಬೆರಳಿನಲ್ಲಿ, ಮನೆಯವರಿಗೆ ಒಂದೇ ಒಂದು ಪದ ತಿದ್ದಿ ಹೇಳಲು ಹದಿನೇಳು ಸಲ ಪ್ರಯತ್ನಪಟ್ಟಿದ್ದಳು. ಮನೆಯವರು ಅದನ್ನು ಶಾಪ ಎಂದು ಓದಿಕೊಂಡಿದ್ದರು.

"ಏನಂತೆ ಅಣ್ಣಾ?"

"ನಿಮ್ಮಕ್ಕ ಶಾಪ ಹಾಕಿಲ್ಲ ಕಣೋ. ಅದು ನಿನ್ ಹೆಸರೇ ಅಲ್ಲ. ಮಿಷನ್ನಿಂದ ರಕ್ತಕ್ಕೆ ಕೊಡೋ ಬೆಳಕಿಗೆ ಕಿರಣ ಅಂತಾರೆ. ಕಾರ್ಡು ಬರೆದ ಯಾವನೋ ಬೇವರ್ಸಿ ಒಂದು ಕೊಂಡಿ ಎಳೆದು ಅದನ್ನ ಮನುಷ್ಯ ಮಾಡವ್ನೆ. ನಿನ್ ರಕ್ತದಲ್ಲಿ ವಿಷ ಇಲ್ಲ."

ಹತ್ತಿರದ ರಕ್ತದ ಮಾತನ್ನು ಅವನು ನುಂಗಿಕೊಂಡ. ಅದನ್ನು ಹೇಳಲು ಬೇರೆ ದಿನ ಬೇಕಾಗಿತ್ತು, ಬೇರೆ ನಾಲಿಗೆಯೂ.

ಕಿರಣ್ ನಾರನ್ನು ಕೆಳಗಿಟ್ಟ. ಅಷ್ಟೇ. ಅಳಲಿಲ್ಲ. ಮುದ್ದಮ್ಮ ಮಾತ್ರ ಗೋಡೆಯ ಕಡೆ ನೋಡಿ, "ನಂಗೆ ಓದಾಕ್ ಬಂದಿದ್ರೆ," ಎಂದು ಅರ್ಧಕ್ಕೆ ನಿಲ್ಲಿಸಿದಳು.

ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಶ್ವೇತ ಮೇಡಂ.

"ನಂಜುಂಡೇಶ್, ಒಂದು ವಿಚಿತ್ರ ಕೇಳಿ. ನಂಜನಗೂಡಿನ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಒಂದು ಮೆಸೇಜು ಓಡಾಡ್ತಿದೆ. ಓದ್ತೀನಿ. 'ತುರ್ತು. ಬಿ ಪಾಸಿಟಿವ್ ರಕ್ತ ಬೇಕಾಗಿದೆ. ಕೊಡುವವರ ಹೆಸರು ಕಿರಣ್ ಎಂದೇ ಇರಬೇಕು. ಬೇರೆ ಹೆಸರಿನವರು ದಯವಿಟ್ಟು ಕರೆ ಮಾಡಬೇಡಿ.' ನಿನ್ನೆಯಿಂದ ಜನ ವಾಮಾಚಾರ, ನರಬಲಿ ಅಂತ ಠಾಣೆಗೆ ಬರ್ತಿದ್ದಾರೆ. ಇಬ್ಬರು ಕಿರಣ್‌ಗಳು ಮನೆ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಮೂರನೆಯವನು ಫ್ಯಾಕ್ಟರಿ ಹುಡುಗ, ಬೆಳಿಗ್ಗೆ ಹೋಗಿ ಕೊಟ್ಟೂ ಬಂದಿದ್ದಾನೆ. ನಿಮ್ಮ ನರಸೀಪುರದ ಕೇಸಿಗೂ ಇದಕ್ಕೂ..."

"ಮೇಡಂ!" ಅವನು ಕಿರುಚಿದ. "ಆ ರಕ್ತ ಹಾಕಬಾರದು! ಯಾವ ಆಸ್ಪತ್ರೆ?"

ಎರಡು ಮಾತಿನಲ್ಲಿ ವಿವರಿಸಿದ. ಮೇಡಂ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಕಪಿಲಾ ತೀರ ನರ್ಸಿಂಗ್ ಹೋಮು. ಬಿಳಿಗೆರೆ ಕಲ್ಲಯ್ಯ ಅನ್ನೋರ ಮಗಳು, ಮಧುಶ್ರೀ. ಮೂರು ಗಂಟೆಗೆ ಆಪರೇಷನ್ನು. ನಾನು ಮೈಸೂರು ಕೋರ್ಟಲ್ಲಿದ್ದೀನಿ. ಫೋನ್ ಮಾಡಿಸ್ತೀನಿ, ನೀವು ಹೊರಡಿ!"

ಗಂಟೆ ಎರಡು ದಾಟಿ ಐದು ನಿಮಿಷ.

ನರಸೀಪುರದ ಸೇತುವೆ ದಾಟಿ ಅವನು ಬೈಕನ್ನು ಸಾಯುವ ಹಾಗೆ ಓಡಿಸಿದ. ನಂಜನಗೂಡಿನಿಂದ ಹರಿದು ಬಂದ ಕಪಿಲೆ ಇಲ್ಲಿ ಕಾವೇರಿ ಸೇರುತ್ತಾಳೆ. ಅವನು ನೀರಿಗೆ ಎದುರಾಗಿ ಹೊರಟಿದ್ದ. ಗದ್ದೆ ಬಯಲಲ್ಲಿ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡಲಿಲ್ಲ. ಎರಡು ಸಲ ಫೋನ್ ಬಂತು, ಹೆಲ್ಮೆಟ್ಟಿಗೆ ಸಿಕ್ಕಿಸಿಕೊಂಡ.

"ನರ್ಸಿಂಗ್ ಹೋಮಿನೋರು ಎತ್ತಲ್ಲ," ಮೇಡಂ ಕೂಗುತ್ತಿದ್ದರು. "ಮೆಸೇಜಲ್ಲಿರೋದು ಆ ಅಪ್ಪನ ನಂಬರು, ಒಂದೇ ಸಮ ಎಂಗೇಜು. ಕಿರಣ್‌ಗಳೇ ಫೋನ್ ಮಾಡ್ತಿದ್ದಾರೋ, ಬೈಯೋರೋ. ಕಾನ್‌ಸ್ಟೇಬಲ್ ಹೊರಟಿದ್ದಾನೆ, ರೈಲ್ವೇ ಗೇಟಲ್ಲಿ ಸಿಕ್ಕಾಕ್ಕೊಂಡಿದ್ದಾನೆ."

ರಸ್ತೆಬದಿಯ ಅಂಗಡಿಗಳ ಮೇಲೆ ಅವನೇ ಹಿಂದೆ ಬರೆದ ಬೋರ್ಡುಗಳು ಹಾದುಹೋದವು. ಗೊಬ್ಬರದ ಅಂಗಡಿ, ಮಿಲ್ಟ್ರಿ ಹೋಟೆಲ್, ಹೇರ್ ಕಟಿಂಗ್. ಲ್, ರ್, ಗ್. ಬಿಸಿಲಿನಲ್ಲಿ ಕೊಂಡಿಗಳು ಒಂದೊಂದೂ ಅವನ ಕಡೆಗೆ ಬಾಗಿ ನೋಡಿದಂತೆ ಅನ್ನಿಸಿತು. ಆಕ್ಸಿಲರೇಟರ್ ತಿರುವಿದ.

ಎರಡು ಐವತ್ತಮೂರು.

ನರ್ಸಿಂಗ್ ಹೋಮಿನ ಮಹಡಿ ಮೆಟ್ಟಿಲನ್ನು ಮೂರು ಮೂರು ಹಾರಿದ. ಕೊನೆಯ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಬ್ಬ ಮುದುಕ ನಿಂತಿದ್ದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಕರಡಿಗೆ, ಕೈಯಲ್ಲಿ ಬಿಸಿಯಾಗಿ ಹೋದ ಫೋನು. ಬಿಳಿಗೆರೆ ಕಲ್ಲಯ್ಯ. ಅವನ ಹೆಗಲ ಮೇಲಿಂದ ಒಳಗೆ ಕಾಣಿಸಿತು: ಕಬ್ಬಿಣದ ಕಂಬಕ್ಕೆ ತೂಗುಬಿದ್ದ ಚೀಲ, ಕಪ್ಪಗೆ, ತುಂಬಿ. ನರ್ಸು ರಕ್ತ ಬಿಡುವ ಪುಟ್ಟ ಗಾಲಿ ತಿರುವುತ್ತಿದ್ದಳು. ಕೊಳವೆಯೊಳಗೆ ಕೆಂಪು ಗೆರೆಯೊಂದು ದಾರಿ ಗೊತ್ತಿರುವ ಪ್ರಾಣಿಯ ಹಾಗೆ ಇಳಿಯುತ್ತ ಬರುತ್ತಿತ್ತು.

"ನಿಲ್ಸಿ!"

"ಯಾವನ್ಲಾ ನೀನು?" ಕಲ್ಲಯ್ಯ ಎದೆಗೆ ಕೈ ಕೊಟ್ಟ. "ಇನ್ನೊಬ್ಬ ಬಂದ! ಮಾಟ ಮಾಡ್ತಾವ್ರೆ ಅಂತ ವೀಡಿಯೋ ಮಾಡಾಕ್ ಬಂದ್ಯಾ?"

"ಯಜಮಾನ್ರೇ, ಆ ರಕ್ತ ಹೋದ್ರೆ ನಿಮ್ಮ ಮಗಳು ಉಳಿಯಲ್ಲ!"

"ಬಾಯಿ ಮುಚ್ಚು! ನಾಲ್ಕು ದಿನ ಆಯ್ತು ಕಣ್ಲಾ, ಕಂಡೋರ ಕಾಲ್ ಇಡ್ಕೊಂಡು 'ನಿಮ್ಮೆಸ್ರು ಕಿರಣಾ ಸ್ವಾಮಿ' ಅಂತ ಕೇಳ್ಕಂಡು ತಿರುಗ್ದೆ. ಉಚ್ಚ ಅಂದ್ರು, ಉಗುದ್ರು. ಮಗಳ ಮೈಲಿ ರಕ್ತ ಇಲ್ಲ, ಬಿಳಿಚ್ಕಂಡು ಬತ್ತಿ ಆಗವ್ಳೆ. ಈಗ ಸಿಕ್ಕದೆ. ನೀನು ತಡಿಯಾಕ್ ಯಾರು?"

ಮಾತಿನಿಂದ ಆಗುವುದಿಲ್ಲ ಎಂದು ನಂಜುಂಡೇಶನಿಗೆ ತಿಳಿಯಿತು. ಮುದುಕನ ತೋಳಿನ ಕೆಳಗೆ ನುಗ್ಗಿ ಹಾರಿ, ಕೊಳವೆಯನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದ. ಕೆಂಪು ಗೆರೆ ಹಾಸಿಗೆಯ ಮೇಲಿನ ತೋಳಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಹಿಂದಿನಿಂದ ಕಲ್ಲಯ್ಯ ಅವನ ಕುತ್ತಿಗೆ ಹಿಸುಕಿದ. ನರ್ಸು ಚೀರಿದಳು.

"ಕಾರ್ಡು," ನಂಜುಂಡೇಶ್ ತೊದಲಿದ. "ಕಾರ್ಡಲ್ಲಿ... ಇಂಗ್ಲಿಷ್ ಓದಿಸಿ... ಆಮೇಲೆ ಸಾಯ್ಸಿ ನನ್ನ. ಕೈ ಬಿಡಲ್ಲ."

ಗಲಾಟೆಗೆ ಡಾಕ್ಟರು ಗ್ಲೌಸ್ ಹಾಕಿಕೊಂಡೇ ಬಂದರು. "ಏನಿದು ಸಂತೆ? ಯಾವ ಕಾರ್ಡು?"

ಕಲ್ಲಯ್ಯ ಒಂದು ಕೈಯಲ್ಲಿ ಕುತ್ತಿಗೆ ಹಿಡಿದಿದ್ದಂತೆಯೇ ಇನ್ನೊಂದು ಕೈಯಿಂದ ಜೇಬಿನ ಹಳದಿ ಕಾರ್ಡು ತೆಗೆದು ಕೊಟ್ಟ. ಡಾಕ್ಟರು ಕನ್ನಡದ ಬದಿ ನೋಡಿದರು. ತಿರುಗಿಸಿ ಇಂಗ್ಲಿಷ್ ನೋಡಿದರು. ಮೂರು ಸಾಲು. ಓದಿ ಮುಗಿಸಿದ ಮೇಲೂ ತಲೆ ಎತ್ತಲಿಲ್ಲ.

"ಸಿಸ್ಟರ್," ದನಿ ಹೂತುಹೋಗಿತ್ತು. "ಬಾಟಲ್ ಇಳಿಸಿ. ಒಂದು ತೊಟ್ಟೂ ಹೋಗಿಲ್ಲ ತಾನೆ?"

"ಇಲ್ಲ ಸಾರ್. ಸಲೈನ್ ಮಾತ್ರ."

"ಇದನ್ನ ಮೊದಲೇ ಯಾಕೆ ತೋರಿಸ್ಲಿಲ್ಲ ನೀವು?"

ಕಲ್ಲಯ್ಯನ ಕೈ ಸಡಿಲಾಯಿತು. "ತೋರಿಸ್ದೆ ಸಾ. ಮೊದಲ್ನೇ ದಿನವೇ ನಿಮ್ ಕೈಗೇ ಕೊಟ್ಟೆ. 'ಕಿರಣ್ ಅನ್ನೋರೇ ಆಗ್ಬೇಕಂತೆ ಸಾ' ಅಂದೆ. ನೀವು ನಕ್ಬುಟ್ಟು, 'ಗ್ರೂಪ್ ಸೇರುದ್ರೆ ಸಾಕು, ಎಸ್ರು ಯಾವ್ದಾದ್ರೇನು, ನಿಮ್ ನಂಬಿಕೆ' ಅಂದ್ಬುಟ್ಟು ವಾಪಸ್ ಕೊಟ್ರಿ. ತಿರುಗ್ಸಿ ನೋಡ್ಲಿಲ್ಲ ಸಾ ನೀವು."

ಕಾರ್ಡು ತಿರುಗಿಸಲು ಎಷ್ಟು ಹೊತ್ತು ಬೇಕು? ಇಸ್ಪೀಟಿನ ಎಲೆ ತಿರುಗಿಸುವಷ್ಟು. ಹದಿನೈದು ವರ್ಷ ಓದಿದವನು ಅಷ್ಟು ಮಾಡಿರಲಿಲ್ಲ. ನಂಜುಂಡೇಶನಿಗೆ ಆ ಗ್ಲೌಸಿನ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಹಾಕಬೇಕು ಅನ್ನಿಸಿತು. ಡಾಕ್ಟರು ಫೋನ್ ಹಿಡಿದು ಹೊರಗೆ ಹೋದರು. ಮೈಸೂರಿನಿಂದ ಕಿರಣ ಕೊಟ್ಟ ರಕ್ತ ತರಿಸುತ್ತೇನೆ, ಸಂಜೆಯೊಳಗೆ ಬರುತ್ತದೆ, ಅಲ್ಲಿಯವರೆಗೆ ತಡೆಯಬಹುದು ಎಂದು ನರ್ಸಿಗೆ ಹೇಳುತ್ತಿದ್ದುದು ಕೇಳಿಸಿತು.

ಕಲ್ಲಯ್ಯ ಗೋಡೆಗೊರಗಿ ಕುಸಿದು ಕುಳಿತ. "ಮಧೂ, ನಾನೇ ನಿನ್ ಕೊಂದ್ಬುಡ್ತಿದ್ನಲ್ಲವ್ವಾ."

ಹಾಸಿಗೆಯ ಮೇಲಿನ ಹೆಂಗಸು ಕಣ್ಣು ತೆರೆದಳು. ಮೇಣದಂಥ ಮುಖ. "ಅಪ್ಪಾಜಿ, ಸುಮ್ನಿರಿ. ನಂಗೂ ಇಂಗ್ಲಿಷ್ ಬರಲ್ಲ. ನಾನೂ ಓದ್ದೋಳಲ್ಲ, ಪರ್ಸಲ್ಲೇ ಇತ್ತು." ಉಸಿರು ಕೂಡಿಸಿಕೊಂಡಳು. "ನಮ್ಗೆ ಬರಲ್ಲ ಅಂತ್ಲೇ ಅಲ್ವಾ ಚಿನ್ನಕ್ಕ ಕನ್ನಡದಲ್ಲಿ ಬರೆಸಿ ತಂದಿದ್ದು."

"ಯಾವ ಚಿನ್ನಕ್ಕ?"

"ನರಸೀಪುರದೋಳು. ನಮ್ ವಾರ್ಡಲ್ಲಿದ್ಲು. ಕನ್ನಡದ್ದು ಸಿಸ್ಟರ್ ಪೆನ್ಸಿಲ್ಲಲ್ಲಿ ಬರ್ಕೊಟ್ಟಿದ್ರು, ಅಳಿಸೋಗುತ್ತೆ ಅಂತ ಅವ್ಳು ಎಲ್ಲಾರ ಕಾರ್ಡೂ ಈಸ್ಕೊಂಡು, ಇಲ್ಲೇ ನಂಜನಗೂಡಲ್ಲಿ ಯಾರತ್ರಾನೋ ಇಂಕಲ್ಲಿ ಬರೆಸಿ, ಪ್ಲಾಸ್ಟಿಕ್ ಹಾಕಿಸಿ ತಂದು ಹಂಚಿದ್ಲು. ಏಳು ಜನಕ್ಕೂ."

ಏಳು.

ನಂಜುಂಡೇಶ್ ಆ ಕಾರ್ಡನ್ನು ಎತ್ತಿಕೊಂಡ. ಇದರ ಮೇಲೆ ಕುಂಕುಮ ಇರಲಿಲ್ಲ, ಎಣ್ಣೆ ಇರಲಿಲ್ಲ. ಕನ್ನಡಿಯ ಹಾಗೆ ಸ್ವಚ್ಛ. ಅದೇ ಅಕ್ಷರ, ಅದೇ ಚೇಳಿನ ಕೊಂಡಿ. ಮತ್ತು ಕೆಳಗೆ, ಬಲಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣದಾಗಿ ಒಂದು ಅಕ್ಷರ.

ನಂ.

ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲೂ ಅವನು ಇಡುತ್ತಿದ್ದ ಗುರುತು.

ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಎದ್ದು ಬಂತು. ಅಂಗಡಿಯ ಮುಂದೆ ಹೆಂಗಸು. ಬೋಳು ತಲೆಗೆ ಟವಲು, ಮೂಗು ಬಾಯಿಗೆ ಮಾಸ್ಕು. ಕೈಯಲ್ಲಿ ಹಳದಿ ಕಾರ್ಡುಗಳ ಕಟ್ಟು. ಮೇಲಿನದರ ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು. ಹೊರಗೆ ಲಾರಿಗಳ ಸದ್ದು. ಅವನು ಕೇಳಿದ್ದ, "ಕಿರಣ ಅಂದ್ರೆ ಹೆಸರಾ ಅಕ್ಕಾ?" ಅವಳು ಮಾಸ್ಕಿನೊಳಗೇ ನಕ್ಕಿದ್ದಳು. "ನಮ್ ತಮ್ಮನ ಎಸ್ರೂ ಅದೇಯ ಕಣಣ್ಣ."

ಹೌದು ಎಂದಿರಲಿಲ್ಲ. ಅಲ್ಲ ಎಂದೂ ಇರಲಿಲ್ಲ. ಬರೆದವರಿಗೆ ಹೆಸರು ಬರೆಯಲೂ ಬರುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಅವನು ತಪ್ಪು ತಿದ್ದಿದ್ದ. ಏಳು ಕಾರ್ಡಿಗೂ. ಏಳು ಕೊಂಡಿ. ಕೊನೆಯದನ್ನು ಎಳೆದು, ತಲೆ ಹಿಂದಕ್ಕೆ ಮಾಡಿ, ಚೆನ್ನಾಗಿ ಬಂತು ಅಂದುಕೊಂಡಿದ್ದೂ ನೆನಪಾಯಿತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಓದಿ ನೋಡದೆಯೇ ಕಟ್ಟು ಎತ್ತಿಕೊಂಡು ಹೋಗಿದ್ದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಶ್ವೇತ ಮೇಡಂ ಏದುಸಿರು ಬಿಡುತ್ತ ಬಂದರು. ಹಾಸಿಗೆ ನೋಡಿದರು, ಇಳಿಸಿಟ್ಟ ಚೀಲ ನೋಡಿದರು, ಉಸಿರು ಬಿಟ್ಟರು.

"ಉಳಿಸಿದ್ರಿ ಕಣ್ರೀ. ಸರಿ, ಆ ಕಾರ್ಡು ಬರೆದೋನ ಕೈ ಗೊತ್ತಾಯ್ತಾ?"

ಅವನು ಮೇಡಂ ಜೇಬಿನಿಂದ ಪೆನ್ನು ತೆಗೆದುಕೊಂಡ. ನರ್ಸಿನ ಮೇಜಿನ ಮೇಲಿದ್ದ ಔಷಧಿ ಚೀಟಿಯ ಹಿಂಬದಿಗೆ ಒಂದು ಪದ ಬರೆದ. ಬೇಕೆಂದೇ ಕೆಟ್ಟದಾಗಿ ಬರೆಯಲು ನೋಡಿದ. ಕೈ ಕೇಳಲಿಲ್ಲ. ಬಾಲ ಎತ್ತಿ, ತಿರುವಿ, ತುದಿ ಚೂಪು ಮಾಡಿಯೇ ನಿಂತಿತು.

ಕಲ್ಲಯ್ಯ ಕೆಳಗಿನಿಂದಲೇ ಕತ್ತು ಚಾಚಿ ಚೀಟಿ ನೋಡಿದ. ಕಾರ್ಡು ನೋಡಿದ. ಮತ್ತೆ ಚೀಟಿ ನೋಡಿದ.

"ಲೇ," ಎಂದ, ಪಿಸುದನಿಯಲ್ಲಿ. "ನೀನಾ?"

ಶ್ವೇತ ಮೇಡಂ ಪೆನ್ನನ್ನು ಅವನ ಬೆರಳುಗಳ ನಡುವಿನಿಂದ ಮೆಲ್ಲಗೆ ಬಿಡಿಸಿಕೊಂಡರು. "ಎಷ್ಟು ಬರೆದ್ರಿ, ನಂಜುಂಡೇಶ್?"

"ಏಳು. ಒಂದು ಚಿನ್ನಮ್ಮಂದು. ಒಂದು ಇದು." ಅವನು ಕಾರ್ಡನ್ನು ಮೇಜಿನ ಮೇಲಿಟ್ಟ. "ಇನ್ನೈದು ಎಲ್ಲವೆ ಮೇಡಂ? ಯಾರ ಪರ್ಸಲ್ಲಿ, ಯಾರ ದೇವರ ಗೂಡಲ್ಲಿ?"

ಕಲ್ಲಯ್ಯನ ಕೈಯ ಫೋನು ಟಿಣ್ ಅಂದಿತು. ಅವನು ಅಭ್ಯಾಸಬಲದಿಂದ ನೋಡಿ, ಹುಬ್ಬು ಗಂಟಿಕ್ಕಿ, ಮೇಡಂ ಕಡೆಗೆ ಚಾಚಿದ. ಬನ್ನೂರಿನ ಯಾವುದೋ ಗ್ರೂಪಿನ ಮೆಸೇಜು, ಇವತ್ತಿನದೇ. ಕಳಿಸಿ ಏಳು ನಿಮಿಷವಾಗಿತ್ತು. ಆಸ್ಪತ್ರೆಯ ಹೆಸರಿರಲಿಲ್ಲ, ರೋಗಿಯ ಹೆಸರಿರಲಿಲ್ಲ. ಮೇಡಂ ಅದರ ಕೆಳಗಿನ ನಂಬರಿಗೆ ಆಗಲೇ ಫೋನ್ ಹಚ್ಚಿದ್ದರು. ಸ್ವಿಚ್ ಆಫ್.

ನಂಜುಂಡೇಶ್ ಅವರ ಭುಜದ ಮೇಲಿಂದ ಓದಿದ.

'ನಮ್ಮ ಕೋರಿಕೆಗೆ ಸ್ಪಂದಿಸಿದ ಎಲ್ಲರಿಗೂ ಧನ್ಯವಾದ. ಕಿರಣ್ ಸಿಕ್ಕಿದರು. ಹುಡುಗಿಯ ಸ್ವಂತ ಅಣ್ಣನೇ, ದೂರದ ಊರಿಂದ ಈಗಷ್ಟೇ ಬಂದರು. ಈಗ ರಕ್ತ ಹಾಕುತ್ತಿದ್ದಾರೆ. ಇನ್ನು ಯಾರೂ ಕರೆ ಮಾಡಬೇಡಿ.'